ಬೇಸಗೆಯ ರಜದಲ್ಲಿ ಊರಿಗೆ ಬರುವ ಮೊಮ್ಮಕ್ಕಳು

ಕರ್ನಾಟಕದ ಪಾಠಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ತಿಂಗಳ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ ರಜವಿರುತ್ತದೆ. ಬೆಂಗಳೂರು, ಮೈಸೂರು ಮೊದಲಾದ ಪಟ್ಟಣಗಳಲ್ಲಿ ಬೆಳೆಯುತ್ತಿರುವ ಮಕ್ಕಳು ಈ ಕಾಲದಲ್ಲಿ ತುಮಕೂರು, ಹಾಸನ, ಮಂಡ್ಯ ಸೀಮೆಗಳ ಹಳ್ಳಿಗಳಲ್ಲಿರುವ ಅಜ್ಜಿ ತಾತಂದಿರ ಮನೆಗೆ ಬರುವುದು ವಾಡಿಕೆ. ಮಾವಿನಹಣ್ಣು, ಎಳನೀರು, ಹಲಸಿನ ತೊಳೆಗಳನ್ನು ಕೊಟ್ಟು, ಮುದ್ದಿಸಿ ಕಳುಹಿಸಿದರೆ ತಮ್ಮ ಕರ್ತವ್ಯವು ಮುಗಿಯಿತೆಂದು ಹಿರಿಯರು ಭಾವಿಸುವುದುಂಟು. ಆದರೆ ಈ ರಜವು ಬೇಸಾಯಕ್ಕೆ ಬಹು ಮುಖ್ಯವಾದ ಕಾಲದಲ್ಲಿಯೇ ಬರುತ್ತದೆಂಬುದನ್ನು ಜಮೀನುದಾರರು ಗಮನಿಸತಕ್ಕದ್ದು. ಅಶ್ವಿನಿ, ಭರಣಿ, ಕೃತ್ತಿಕೆಗಳೆಂಬ ಮಳೆಗಳು ಈ ದಿನಗಳಲ್ಲಿಯೇ ಬರತಕ್ಕವು. ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ಅರಿಯದ ರೈತನಿಲ್ಲ. ಗೊಬ್ಬರವನ್ನು ಹೊಲಕ್ಕೆ ಸಾಗಿಸುವುದು, ಉಳುವುದು, ಬದುಗಳನ್ನು ಸರಿಪಡಿಸುವುದು, ಬಿತ್ತನೆಯ ಬೀಜವನ್ನು ಅಣಿಮಾಡುವುದು ಇವೆಲ್ಲವೂ ಆಗಲೇ ನಡೆಯುತ್ತವೆ.

ಇದರಿಂದ ಮಕ್ಕಳಿಗೇನು ಪ್ರಯೋಜನವೆಂದು ಕೆಲವರು ಕೇಳಬಹುದು. 1971ನೆಯ ಇಸವಿಯ ಜನಗಣತಿಯಲ್ಲಿ ರಾಜ್ಯದ ಜನರಲ್ಲಿ ನೂರಕ್ಕೆ ಸುಮಾರು 24 ಮಂದಿ ಪಟ್ಟಣವಾಸಿಗಳಾಗಿದ್ದರು. 2011ರಲ್ಲಿ ಈ ಸಂಖ್ಯೆಯು ಸುಮಾರು 39ಕ್ಕೆ ಏರಿತು. ಎಂದರೆ, ಹಳ್ಳಿಯ ಅನೇಕ ಜಮೀನುಗಳಿಗೆ ಮುಂದಿನ ವಾರಸುದಾರರು ಪಟ್ಟಣದಲ್ಲಿ ಬೆಳೆದವರೇ ಆಗಿರುತ್ತಾರೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ಆದ ತಿದ್ದುಪಡಿಯ ಮೇರೆಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿರುವುದರಿಂದ, ಮೊಮ್ಮಗನಿಗೆ ಕಲಿಸತಕ್ಕದ್ದೆಲ್ಲವನ್ನೂ ಮೊಮ್ಮಗಳಿಗೂ ಕಲಿಸುವುದು ಯುಕ್ತ. ಎಲ್ಲೆಯನ್ನರಿಯದ, ಮಣ್ಣಿನ ಗುಣವನ್ನು ತಿಳಿಯದ ವಾರಸುದಾರರ ಕೈಗೆ ಬಂದ ಭೂಮಿಯು ಬೀಳುಬೀಳುವುದಕ್ಕಾಗಲಿ, ಅರೆಬೆಲೆಗೆ ಮಾರಿಹೋಗುವುದಕ್ಕಾಗಲಿ ಹೆಚ್ಚು ಕಾಲ ಹಿಡಿಯುವುದಿಲ್ಲ. ಆರು ವಾರಗಳಲ್ಲಿ ಯಾರೂ ರೈತರಾಗಲಾರರು. ಆದರೆ ಭೂಮಿಯ ಪರಿಚಯವಾಗುವುದಕ್ಕೆ ಅಷ್ಟು ಕಾಲವು ಸಾಲುತ್ತದೆ.

ಎಲ್ಲೆಯ ಪರಿಚಯ.— ಬಿಸಿಲೇರುವುದಕ್ಕೆ ಮುಂಚೆ ಮಕ್ಕಳನ್ನು ಜಮೀನಿನ ಸುತ್ತ ನಡೆಸಿಕೊಂಡು ಹೋಗಿ ಬಾಂದುಕಲ್ಲುಗಳನ್ನು ತೋರಿಸಬೇಕು. ಸರ್ವೆ ನಂಬರು ಯಾವುದು, ಪಹಣಿಯಲ್ಲಿ ಏನೇನು ಬರೆದಿರುತ್ತದೆ, ಮಳೆಯ ನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹರಿಯುತ್ತದೆ, ಯಾವ ಮೂಲೆಯಲ್ಲಿ ತೇವವು ಹೆಚ್ಚು ದಿನ ನಿಲ್ಲುತ್ತದೆ ಎಂಬುದನ್ನು ತಿಳಿಸಿ, ಅವರ ಕೈಯಿಂದಲೇ ಒಂದು ನಕ್ಷೆಯನ್ನು ಬರೆಯಿಸುವುದು ಒಳ್ಳೆಯದು.

ಬೀಜದ ಪರೀಕ್ಷೆ.— ಇದು ಮಕ್ಕಳಿಂದ ಚೆನ್ನಾಗಿ ಆಗತಕ್ಕ ಕೆಲಸ. ಔಷಧಿ ಹಚ್ಚದ ಬೀಜದಲ್ಲಿ ನೂರು ಕಾಳುಗಳನ್ನು ಆರಿಸದೆ ಎಣಿಸಿ ತೆಗೆದು, ಒದ್ದೆಮಾಡಿದ ಬಟ್ಟೆಯಲ್ಲಿ ಸಾಲಾಗಿ ಹರಡಿ, ಸುರುಳಿ ಸುತ್ತಿ, ನೆರಳಿನಲ್ಲಿಟ್ಟು, ಬಟ್ಟೆಯು ಒಣಗದಂತೆ ನೋಡಿಕೊಳ್ಳಬೇಕು. ರಾಗಿಯನ್ನು 8 ದಿನಗಳ ಮೇಲೆಯೂ, ಭತ್ತವನ್ನು 14 ದಿನಗಳ ಮೇಲೆಯೂ ಬಿಚ್ಚಿ, ಸರಿಯಾಗಿ ಮೊಳೆತವನ್ನು ಎಣಿಸುವುದು. ಪ್ರಮಾಣಿತ ಬೀಜದಲ್ಲಿ ರಾಗಿಯು ನೂರಕ್ಕೆ 75, ಭತ್ತವು 80 ಆದರೂ ಮೊಳೆಯಬೇಕೆಂದು ನಿಯಮವಿದೆ. ಮನೆಯ ಬೀಜವು ಇದಕ್ಕಿಂತ ಬಹಳ ಕಡಿಮೆಯಾದರೆ ಬಿತ್ತನೆಗೆ ಮುಂಚೆಯೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಬೇರೆ ಬೀಜವನ್ನು ತರಬಹುದು. ಮಗುವಿನ ಎಣಿಕೆಯಿಂದ ಒಂದು ವರ್ಷದ ಬೆಳೆಯು ಉಳಿದರೆ ಆಶ್ಚರ್ಯವೇನೂ ಇಲ್ಲ.

ಮಳೆಯ ಲೆಕ್ಕ.— ನೆಟ್ಟಗಿನ ಗೋಡೆಯುಳ್ಳ, ತಳವು ಸಮನಾದ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು, ಪ್ರತಿ ಮಳೆಯ ನಂತರ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ನೋಡಿ ಬರೆದಿಡಬೇಕು. ಒಂದು ಮಿಲಿಮೀಟರು ಮಳೆಯೆಂದರೆ ಎಕರೆಗೆ ಸುಮಾರು 4,047 ಲೀಟರು ನೀರು. 25 ಮಿಲಿಮೀಟರು ಬಿದ್ದರೆ ಸುಮಾರು ಒಂದು ಲಕ್ಷ ಲೀಟರು. ಬದುವಿಲ್ಲದ ಹೊಲದಿಂದ ಎಷ್ಟು ನೀರು ವ್ಯರ್ಥವಾಗಿ ಹರಿದುಹೋಗಬಹುದೆಂಬುದು ಈ ಲೆಕ್ಕದಿಂದ ಮಕ್ಕಳಿಗೆ ಮಾತ್ರವಲ್ಲದೆ ಹಿರಿಯರಿಗೂ ಮನದಟ್ಟಾಗುತ್ತದೆ.

ಅಪಾಯಗಳು.— ಹಳ್ಳಿಯ ಮಕ್ಕಳಿಗೆ ಗೊತ್ತಿರುವ ಅಪಾಯಗಳು ಪಟ್ಟಣದ ಮಕ್ಕಳಿಗೆ ಗೊತ್ತಿರುವುದಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿರುವ ಕೃಷಿ ಹೊಂಡದ ಇಳಿಜಾರು ಬಹಳ ಜಾರುತ್ತದೆ. ಒಳಕ್ಕೆ ಬಿದ್ದವರು ಈಜು ಬಲ್ಲವರಾದರೂ ಹತ್ತಿಬರುವುದು ಕಷ್ಟ. ಹೊಂಡದ ಸುತ್ತ ಬೇಲಿಯನ್ನು ಹಾಕಿ, ಗಂಟುಗಳುಳ್ಳ ಹಗ್ಗವನ್ನು ಗಟ್ಟಿಯಾದ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟಿರಬೇಕು. ಬಾವಿಯಲ್ಲಿ ಈಜು ಕಲಿಸುವಾಗ ಈಜು ಬಲ್ಲ ದೊಡ್ಡವರು ನೀರಿನಲ್ಲಿಯೇ ಇರತಕ್ಕದ್ದು. ನೀರು ಬಾರದೆ ಬಿಟ್ಟ ಕೊಳವೆ ಬಾವಿಗಳನ್ನು ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ವಿಧಿಸಿದೆ. ಕೀಟನಾಶಕಗಳನ್ನೂ, ಔಷಧಿ ಹಚ್ಚಿದ ಬೀಜವನ್ನೂ ಬೀಗದಲ್ಲಿಡಬೇಕು. ಗುಡುಗು ಕೇಳಿಸಿದೊಡನೆ ಮಕ್ಕಳನ್ನು ಮರದಡಿಯಲ್ಲಿ ನಿಲ್ಲಗೊಡದೆ ಮನೆಗೆ ಕರೆತರಬೇಕು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುತ್ತ ಕಾಲ ಕಳೆಯುವುದು ಇವನ್ನು ಬಿಟ್ಟು, ಮಗುವನ್ನು ಅಲುಗಾಡಿಸದೆ ಮಲಗಿಸಿ, 108ಕ್ಕೆ ಕರೆಮಾಡಿ, ವಿಷನಿವಾರಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಸಾಗಿಸತಕ್ಕದ್ದು.

ಗ್ರಾಮದ ಮುಖಂಡರು ಯುಗಾದಿಯ ಸುಮಾರಿಗೆ ಒಂದು ದಿನವನ್ನು ಗೊತ್ತುಮಾಡಿ, ಊರಿನ ತೆರೆದ ಬಾವಿಗಳು, ಹೊಂಡಗಳು, ಬಿಟ್ಟ ಕೊಳವೆ ಬಾವಿಗಳು ಎಲ್ಲೆಲ್ಲಿವೆಯೆಂದು ನೋಡಿ, ಒಡೆಯರಿಂದ ಭದ್ರಪಡಿಸಿದರೆ ಊರಿಗೇ ಉಪಕಾರವಾಗುವುದು. ಇನ್ನು ಮೇ ತಿಂಗಳ ಕೊನೆಯಲ್ಲಿ ಮೊಮ್ಮಕ್ಕಳು ಹೊರಟಾಗ, ಅವರು ಬರೆದ ನಕ್ಷೆ, ಬೀಜದ ಎಣಿಕೆ, ಮಳೆಯ ಲೆಕ್ಕ ಇವುಗಳ ಒಂದು ಪ್ರತಿಯನ್ನು ಪಹಣಿಯ ಕಾಗದಗಳೊಡನೆ ಮನೆಯಲ್ಲಿಟ್ಟುಕೊಂಡು, ಬಿತ್ತಿದ್ದು ಹೇಗೆ ಬಂದಿತೆಂದು ಸುಗ್ಗಿಯಲ್ಲಿ ಅವರಿಗೆ ತಿಳಿಸಬೇಕು. ತಾವು ಎಣಿಸಿದ ಬೀಜದ ಬೆಳೆಯ ಸುದ್ದಿಯನ್ನು ಕೇಳಿದ ಮಕ್ಕಳು ಮುಂದಿನ ಬೇಸಗೆಯಲ್ಲಿ ಕರೆಯದೆಯೇ ಹೊಲಕ್ಕೆ ಬರುವರು.