ಜಾಲತಾಣಕ್ಕೆ ಡೇಟಾಬೇಸ್ ಮತ್ತು ಸ್ಕ್ರಿಪ್ಟಿಂಗ್ ಭಾಷೆಯ ಆಯ್ಕೆ: ಕನ್ನಡ ಪದಸೂಚಿಯೊಂದರ ದೃಷ್ಟಿಯಿಂದ

ಹಳಗನ್ನಡ ಕಾವ್ಯಗಳ ಪದಸೂಚಿಯೊಂದನ್ನು ಜಾಲತಾಣದಲ್ಲಿ ಇಡಬೇಕೆಂಬ ಆಲೋಚನೆ ನಮ್ಮಲ್ಲಿ ಮೂಡಿದಾಗ ವಿದ್ಯಾರ್ಥಿಗಳು ಮೊದಲು ಕೇಳಿದ ಪ್ರಶ್ನೆ ಇದು: ಪದಗಳನ್ನು ಯಾವ ಡೇಟಾಬೇಸಿನಲ್ಲಿ ಕೂಡಿಡಬೇಕು, ಅವನ್ನು ಓದುಗರ ಮುಂದೆ ತಂದಿಡುವ ಪ್ರೋಗ್ರಾಮನ್ನು ಯಾವ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಬರೆಯಬೇಕು? ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ವೇಗವನ್ನೂ ಜನಪ್ರಿಯತೆಯನ್ನೂ ಕುರಿತವು. ಕನ್ನಡ ಪದಗಳನ್ನು ಸಂಗ್ರಹಿಸತಕ್ಕವರು ಅದಕ್ಕಿಂತ ಮೊದಲು ವಿಚಾರಿಸಬೇಕಾದ ವಿಷಯ ಒಂದಿದೆ. ಅದು ಅಕಾರಾದಿ ಕ್ರಮ.

ಡೇಟಾಬೇಸನ್ನು ಗ್ರಂಥಾಲಯದ ಉಗ್ರಾಣಕ್ಕೂ ಸ್ಕ್ರಿಪ್ಟಿಂಗ್ ಭಾಷೆಯ ಪ್ರೋಗ್ರಾಮನ್ನು ಚೀಟಿ ನೋಡಿ ಪುಸ್ತಕ ತಂದುಕೊಡುವ ಸಹಾಯಕನಿಗೂ ಹೋಲಿಸಬಹುದು. ಕೂಡಿಡುವ ಕೆಲಸ ಒಂದರದು, ಕೇಳಿದ್ದನ್ನು ತಂದು ಅಣಿಮಾಡುವ ಕೆಲಸ ಇನ್ನೊಂದರದು. ಆದರೆ ಪುಸ್ತಕಗಳನ್ನು ಕ್ರಮವಾಗಿ ಜೋಡಿಸುವವರು ಯಾರು? ತೊಡಕು ಇಲ್ಲಿಯೇ ಇದೆ.

ನಮ್ಮ ಮೊದಲ ಪ್ರಯತ್ನದಲ್ಲಿ ಪಟ್ಟಿ ಸೊಗಸಾಗಿಯೇ ತೆರೆದುಕೊಂಡಿತು. ಓದುತ್ತ ಹೋದಾಗ ‘ಅಲರು’ ಆದಮೇಲೆ ‘ಅಳಲು’, ಅನಂತರ ‘ಅವರೆ’, ಕೊನೆಗೆ ‘ಅಹಿತ’ ಎಂದು ಪದಗಳು ನಿಂತಿದ್ದವು. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಅನಂತರ ಬರತಕ್ಕದ್ದು. ಇದಕ್ಕಿಂತಲೂ ವಿಚಿತ್ರವಾಗಿ ‘ಕೞಲ್’ ಎಂಬ ಪದವು ‘ಕೈ’, ‘ಕೋಡು’ಗಳನ್ನೆಲ್ಲ ದಾಟಿ ‘ಕ್ಷೇಮ’ದ ಆಚೆಗೆ ಹೋಗಿ ಕುಳಿತಿತ್ತು. ಮುದ್ರಿತ ನಿಘಂಟಿನಲ್ಲಿ ಹೀಗಾಗಿದ್ದರೆ ಆ ಪುಟವನ್ನು ಯಾರೂ ಅಚ್ಚಿಗೆ ಬಿಡುತ್ತಿರಲಿಲ್ಲ.

ಕಾರಣ ಸರಳವಾದುದು. ಯೂನಿಕೋಡ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಲಿಪಿಚಿಹ್ನೆಗೂ ಒಂದು ಸಂಖ್ಯೆಯುಂಟು. ಅಲ್ಲಿ ಳಕಾರದ ಸಂಖ್ಯೆ ಲಕಾರದ ಮಗ್ಗುಲಲ್ಲಿದೆ. ೞಕಾರದ ಸಂಖ್ಯೆಯಾದರೋ ಎಲ್ಲ ವ್ಯಂಜನಗಳನ್ನೂ ಸ್ವರಚಿಹ್ನೆಗಳನ್ನೂ, ಸಂಯುಕ್ತಾಕ್ಷರಕ್ಕೆ ಬೇಕಾದ ಹಲಂತ ಚಿಹ್ನೆಯನ್ನೂ ಮೀರಿ ಮುಂದಿದೆ. (ಈ ಬಡ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಅಲ್ಲಿಯ ನಿಯಮವಾದ್ದರಿಂದ ಅದು ಹಾಗೆಯೇ ಉಳಿದಿದೆ.) ಸಂಖ್ಯೆಗಳನ್ನು ಮಾತ್ರ ನೋಡಿ ಜೋಡಿಸುವ ಡೇಟಾಬೇಸು ಈ ಬಗೆಯ ಪಟ್ಟಿಯನ್ನಲ್ಲದೆ ಬೇರೊಂದನ್ನು ಕೊಡಲಾರದು. ತಪ್ಪು ಅದರದಲ್ಲ, ನಾವು ಅದಕ್ಕೆ ಕನ್ನಡದ ಕ್ರಮವನ್ನು ಹೇಳಿರಲಿಲ್ಲ.

ಹಾಗಾದರೆ ಯಾವುದಕ್ಕೆ ಹೇಳಬಹುದು? ಎಸ್‌ಕ್ಯೂಎಲೈಟ್ ಎಂಬುದು ಇಡೀ ಸಂಗ್ರಹವನ್ನು ಒಂದೇ ಕಡತದಲ್ಲಿ ಇಡುತ್ತದೆ. ಪ್ರತ್ಯೇಕ ಸರ್ವರಿನ ಹಂಗಿಲ್ಲ, ಪ್ರತಿ ತೆಗೆದಿಡುವುದು ಅತ್ಯಂತ ಸುಲಭ. ಆದರೆ ತಾನಾಗಿ ಅದು ಬೈಟುಗಳನ್ನು ಮಾತ್ರ ಹೋಲಿಸಬಲ್ಲುದು. ಬೇರೆ ಕ್ರಮವನ್ನು ಪ್ರೋಗ್ರಾಮು ಒದಗಿಸಬೇಕು. ಅಲ್ಲದೆ ಒಂದು ಸಲಕ್ಕೆ ಒಬ್ಬರೇ ಅದರಲ್ಲಿ ಬರೆಯಲು ಸಾಧ್ಯ. 1995ರಲ್ಲಿ ಹುಟ್ಟಿದ ಮೈಎಸ್‌ಕ್ಯೂಎಲ್, ಅದರಿಂದ 2009ರಲ್ಲಿ ಕವಲೊಡೆದ ಮಾರಿಯಾಡಿಬಿ, ಇವು ಅಗ್ಗದ ಬಾಡಿಗೆಯ ಸರ್ವರುಗಳಲ್ಲೆಲ್ಲ ದೊರೆಯುತ್ತವೆ. ಮೈಎಸ್‌ಕ್ಯೂಎಲಿನಲ್ಲಿ 2018ರ 8.0 ಆವೃತ್ತಿಯವರೆಗೆ ಪೂರ್ವನಿಯೋಜಿತ ಲಿಪಿವ್ಯವಸ್ಥೆ ಲ್ಯಾಟಿನ್ ಆಗಿತ್ತು. ಅದನ್ನು ಗಮನಿಸದೆ ಕನ್ನಡವನ್ನು ತುಂಬಿದವರಿಗೆ ಮರಳಿ ಸಿಕ್ಕಿದ್ದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು; ಹಾಗೆ ಕಳೆದುಹೋದ ಅಕ್ಷರಗಳು ಆ ಕೋಷ್ಟಕದಿಂದ ಮತ್ತೆ ಬರುವುದಿಲ್ಲ. ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಮೊದಲಾದ ಯೋಜನೆಯಿಂದ ಬೆಳೆದ ಪೋಸ್ಟ್‌ಗ್ರೆಸ್ ಈ ವಿಷಯದಲ್ಲಿ ನಮಗೆ ಹೆಚ್ಚು ಅನುಕೂಲವಾದುದು. 2017ರ 10ನೆಯ ಆವೃತ್ತಿಯಿಂದ ಅದು ಐಸಿಯು ಎಂಬ ಗ್ರಂಥಾಲಯದ ನಿಯಮಗಳನ್ನು ಬಳಸಬಲ್ಲುದು. ಅವುಗಳಲ್ಲಿ ಕನ್ನಡದ ಹೆಸರಿನಲ್ಲಿಯೇ ಒಂದು ಕ್ರಮವಿದೆ.

ಭಾಷೆಯ ಆಯ್ಕೆಯಲ್ಲಿ ನಮಗೆ ಇಷ್ಟು ಕಷ್ಟ ತೋರಲಿಲ್ಲ. ಪಿಎಚ್‌ಪಿಯನ್ನು ಹಳತೆಂದು ಹಳಿಯುವುದು ಇಂದಿನ ರೂಢಿ. ಕನ್ನಡ ವಿಕಿಪೀಡಿಯ ನಡೆಯುತ್ತಿರುವ ಮೀಡಿಯಾವಿಕಿ ತಂತ್ರಾಂಶ ಪಿಎಚ್‌ಪಿಯಲ್ಲಿ ಬರೆದುದೆಂಬುದನ್ನು ಹಳಿಯುವವರು ನೆನೆಯುವುದಿಲ್ಲ. ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ಪಿಎಚ್‌ಪಿಯ ಮೂಲ ಫಂಕ್ಷನ್ನನ್ನು ಕೇಳಿದರೆ ಬೈಟುಗಳನ್ನು ಎಣಿಸಿ 15 ಎನ್ನುತ್ತದೆ. ಪೈಥಾನ್ ಚಿಹ್ನೆಗಳನ್ನು ಎಣಿಸಿ 5 ಎನ್ನುತ್ತದೆ. ಮೂರು ಅಕ್ಷರವೆಂದು ನಮ್ಮ ಪ್ರಾಥಮಿಕ ಶಾಲೆಯ ಮಗು ಹೇಳಬಲ್ಲುದು! ಛಂದಸ್ಸಿನ ಕೆಲಸಕ್ಕೆ ಇಳಿಯುವವರು ಅಕ್ಷರಗಣನೆಯನ್ನು ತಾವೇ ಬರೆದುಕೊಳ್ಳಬೇಕೆಂಬುದು ಇದರಿಂದ ಸ್ಪಷ್ಟ. ಅಕಾರಾದಿ ಜೋಡಣೆಗೆ ಪಿಎಚ್‌ಪಿಯ ಜೊತೆಯಲ್ಲಿಯೇ ಬರುವ ‘ಇಂಟಲ್’ ವಿಸ್ತರಣೆ ಸಾಕು. ಪೈಥಾನಿಗೆ ಐಸಿಯು ಗ್ರಂಥಾಲಯವನ್ನು ಹೊರಗಿನಿಂದ ತರಬೇಕು. ಪಠ್ಯದ ವಿಶ್ಲೇಷಣೆಗೆ ಪೈಥಾನಿನಲ್ಲಿರುವ ಸಾಮಗ್ರಿಯಾದರೋ ಹೇರಳ. ನಮ್ಮ ವಿದ್ಯಾರ್ಥಿಗಳು ಅದನ್ನೇ ಕಲಿತು ಬರುತ್ತಾರೆಂಬ ಕಾರಣದಿಂದ ನಾವು ಪೈಥಾನನ್ನು ಆರಿಸಿಕೊಂಡೆವು. ಕಟ್ಟಿದವನು ಪದವಿ ಪಡೆದು ಹೊರಟುಹೋದ ಮೇಲೆ ಜಾಲತಾಣವನ್ನು ನೋಡಿಕೊಳ್ಳಲು ಇನ್ನೊಬ್ಬನು ಬೇಕಷ್ಟೆ.

ಭಾಷೆ ಯಾವುದಾದರೂ ಓದುಗನು ಟೈಪಿಸಿದ ಪದವನ್ನು ಡೇಟಾಬೇಸಿನ ಆಜ್ಞೆಯೊಳಗೆ ನೇರವಾಗಿ ಸೇರಿಸಕೂಡದು. ಆಜ್ಞೆಯಲ್ಲಿ ಖಾಲಿ ಸ್ಥಾನವನ್ನು ಬಿಟ್ಟು ಪದವನ್ನು ಪ್ರತ್ಯೇಕವಾಗಿ ಕಳುಹಿಸಬೇಕು. ಇಲ್ಲವಾದರೆ ಪದದ ವೇಷದಲ್ಲಿ ಬಂದ ಆಜ್ಞೆಯೊಂದು ಇಡೀ ಸಂಗ್ರಹವನ್ನು ಅಳಿಸಿಹಾಕಬಹುದು. ಪಿಎಚ್‌ಪಿಯ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್ನುಗಳನ್ನು 2015ರ 7.0 ಆವೃತ್ತಿಯಲ್ಲಿ ತೆಗೆದುಹಾಕಲಾಗಿದೆ. ಅವನ್ನು ಕಲಿಸುವ ಪಾಠಗಳನ್ನು ನಂಬಬಾರದು.

ಇನ್ನೊಂದು ಸೂಕ್ಷ್ಮವುಂಟು. ‘ದೇವ’ ಎಂಬಲ್ಲಿಯ ಏತ್ವವನ್ನು ಒಂದೇ ಚಿಹ್ನೆಯಾಗಿಯೂ, ಎತ್ವ ಮತ್ತು ದೀರ್ಘ ಎಂದು ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟುಗಳನ್ನು ಹೋಲಿಸುವ ಡೇಟಾಬೇಸಿಗೆ ಬೇರೆ ಬೇರೆ. ಆದುದರಿಂದ ಪದಗಳನ್ನು ಒಳಗೆ ಸೇರಿಸುವಾಗಲೂ ಹುಡುಕುವಾಗಲೂ ಒಂದೇ ರೂಪಕ್ಕೆ ತರುವುದು ಅವಶ್ಯ. ಎರಡು ಭಾಷೆಗಳಲ್ಲಿಯೂ ಇದಕ್ಕೆ ಸಿದ್ಧ ಸಾಧನಗಳಿವೆ.

ಪೋಸ್ಟ್‌ಗ್ರೆಸ್ ದೊರೆಯದ ಸರ್ವರಿನಲ್ಲಿ ಕೆಲಸ ಮಾಡಬೇಕಾದ ಕಾಲೇಜುಗಳು ನಿರಾಶರಾಗಬೇಕಾಗಿಲ್ಲ. ಪ್ರತಿ ಪದದ ಮಗ್ಗುಲಲ್ಲಿ ವಿಂಗಡಣೆಯ ಕೀಲಿಯೊಂದನ್ನು ಪ್ರೋಗ್ರಾಮಿನಿಂದಲೇ ಲೆಕ್ಕಹಾಕಿ ಬೇರೆ ಅಂಕಣದಲ್ಲಿ ಬರೆದಿಟ್ಟು, ಪಟ್ಟಿಯನ್ನು ಆ ಅಂಕಣದ ಪ್ರಕಾರ ತೆಗೆದರೆ ಎಸ್‌ಕ್ಯೂಎಲೈಟ್ ಕೂಡ ಸರಿಯಾದ ಕ್ರಮವನ್ನು ಕೊಡುತ್ತದೆ. ಮೀಡಿಯಾವಿಕಿಯು ವರ್ಗಗಳ ಪಟ್ಟಿಗೆ ಅನುಸರಿಸುವುದೂ ಇಂಥ ಮಾರ್ಗವನ್ನೇ. ಯಾವ ವ್ಯವಸ್ಥೆಯನ್ನು ಆರಿಸಿಕೊಂಡರೂ ಸಾವಿರಾರು ಪದಗಳನ್ನು ತುಂಬುವ ಮೊದಲು ‘ಅಳಲು’, ‘ಅಹಿತ’, ‘ಕೞಲ್’, ‘ಕ್ಷೇಮ’ ಎಂಬ ನಾಲ್ಕನ್ನು ಸೇರಿಸಿ ಪಟ್ಟಿಯನ್ನು ತೆಗೆದು ನೋಡಬೇಕು. ‘ಅಹಿತ’, ‘ಅಳಲು’, ‘ಕೞಲ್’, ‘ಕ್ಷೇಮ’ ಎಂದು ಬಂದರೆ ಮುಂದಿನ ಪದಗಳನ್ನು ತುಂಬಬಹುದು.