ಶಂಕುಮರ ಮತ್ತು ಹಾರುವ ಕಪ್ಪೆ: ಸಂತಾನಕ್ಕೆ ಎರಡು ದಾರಿ

ಶಂಕುಧಾರಿ ಮರಗಳೆಂದರೆ ಹಿಮಾಲಯದ ದೇವದಾರು, ಪೈನ್‌ಗಳು ನೆನಪಾಗುವುದು ಸಹಜವಾದರೂ, ಆ ಗುಂಪಿಗೆ ಸೇರಿದ ಒಂದು ಮರ ಪಶ್ಚಿಮ ಘಟ್ಟದ ದಕ್ಷಿಣ ಭಾಗದ ನಿತ್ಯಹರಿದ್ವರ್ಣ ಕಾಡುಗಳಲ್ಲಿಯೂ ತಾನಾಗಿ ಬೆಳೆಯುತ್ತದೆ. ನಗೇಯಾ ವಾಲಿಚಿಯಾನ ಎಂಬ ಈ ಪ್ರಭೇದವೊಂದೇ ದಕ್ಷಿಣ ಭಾರತದ ಸ್ಥಳೀಯ ಶಂಕುಧಾರಿ. ಅದೇ ಘಟ್ಟಸಾಲಿನಲ್ಲಿ ಕೇರಳದಿಂದ ಕರ್ನಾಟಕವನ್ನು ದಾಟಿ ಉತ್ತರಕ್ಕೂ ಹರಡಿರುವ ಮಲಬಾರ್ ಹಾರುವ ಕಪ್ಪೆ, ಅಂದರೆ ರಾಕೋಫೋರಸ್ ಮಲಬಾರಿಕಸ್, ಪಶ್ಚಿಮ ಘಟ್ಟದ ಹೊರಗೆ ಎಲ್ಲಿಯೂ ಕಾಣಸಿಗದ ಮರಗಪ್ಪೆ.

ಎರಡೂ ತಮ್ಮ ಗುಂಪಿನ ಸಾಮಾನ್ಯ ರೂಪವನ್ನು ಮೀರಿವೆ. ನಗೇಯಾದ ಎಲೆ ಸೂಜಿಯಂತಿರದೆ ಅಗಲವಾಗಿದ್ದು, ಹತ್ತಿರದಿಂದ ನೋಡಿದರೆ ನಡುನರವಿಲ್ಲದೆ, ಬುಡದಿಂದ ತುದಿಯವರೆಗೆ ಸಾಲುಗಟ್ಟಿದ ಸಣ್ಣ ನರಗಳಷ್ಟೇ ಕಾಣುತ್ತವೆ. ಹಸಿರು ಮೈಯ ಕಪ್ಪೆಯ ಬೆರಳ ತುದಿಗಳಲ್ಲಿ ಎಲೆ, ಕೊಂಬೆಗಳನ್ನು ಹಿಡಿಯಲು ನೆರವಾಗುವ ಅಂಟುಬಿಲ್ಲೆಗಳಿವೆ. ಬೆರಳುಗಳ ನಡುವಿನ ಕಿತ್ತಳೆಗೆಂಪು ಜಾಲಪೊರೆಯನ್ನು ಹರಡಿಕೊಂಡು ಅದು ಎತ್ತರದ ಕೊಂಬೆಯಿಂದ ಹಲವು ಮೀಟರ್ ದೂರ ತೇಲಿ ಇಳಿಯುತ್ತದೆ.

ಇವೆರಡರ ನಡುವಿನ ನಿಜವಾದ ಅಂತರ ತಿಳಿಯುವುದು ಸಂತಾನೋತ್ಪತ್ತಿಯಲ್ಲಿ. ಹಾವಸೆ, ಜರೀಗಿಡಗಳ ಗಂಡು ಕಣಗಳು ನೀರಿನಲ್ಲಿ ಈಜಿಯೇ ಹೆಣ್ಣು ಕಣವನ್ನು ಸೇರಬೇಕಾದರೆ, ಶಂಕುಧಾರಿಗಳು ಆ ಕಣಗಳನ್ನು ಪರಾಗದೊಳಗಿಟ್ಟು ಗಾಳಿಗೆ ಒಪ್ಪಿಸುವುದರಿಂದ ಅವುಗಳ ಫಲೀಕರಣಕ್ಕೆ ಹೊರಗಿನ ನೀರು ಬೇಕಿಲ್ಲ. ನಗೇಯಾದಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆ. ಬೀಜವನ್ನು ಹೂಬಿಡುವ ಸಸ್ಯಗಳಲ್ಲಿರುವಂತೆ ಅಂಡಾಶಯ ಆವರಿಸಿರುವುದಿಲ್ಲವಾದ್ದರಿಂದ ಇಂತಹ ಸಸ್ಯಗಳನ್ನು ಅನಾವೃತಬೀಜಿಗಳೆಂದು ಕರೆಯುತ್ತಾರೆ.

ಮರದ ಮೇಲೆ ಬದುಕಿದರೂ ಕಪ್ಪೆಗೆ ನೀರಿನ ನಂಟು ತಪ್ಪಿಲ್ಲ. ಮಳೆಗಾಲದಲ್ಲಿ ಜೋಡಿಗಳು ನೀರಿನ ಹೊಂಡದ ಮೇಲೆ ಚಾಚಿದ ಎಲೆಗಳನ್ನು ಆರಿಸಿಕೊಂಡು, ದೇಹದಿಂದ ಸ್ರವಿಸುವ ದ್ರವವನ್ನು ಹಿಂಗಾಲುಗಳಿಂದ ಕಡೆದು ನೊರೆಗೂಡು ಕಟ್ಟಿ, ಅದರೊಳಗೆ ಮೊಟ್ಟೆಯಿಡುತ್ತವೆ. ಗೂಡಿನ ಹೊರಪದರ ಒಣಗಿದರೂ ಒಳಗಿನ ತೇವ ಮೊಟ್ಟೆಗಳನ್ನು ಕಾಪಾಡುತ್ತದೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ಹೊಂಡಕ್ಕೆ ಬಿದ್ದು, ಕಿವಿರುಗಳಿಂದ ಉಸಿರಾಡುತ್ತ ಅಲ್ಲಿಯೇ ಬೆಳೆಯುತ್ತವೆ.

ಈ ಹೋಲಿಕೆಯಿಂದ ಸಂರಕ್ಷಣೆಗೂ ಪಾಠವಿದೆ. ಗಂಡು ಮರವೊಂದನ್ನೇ ಉಳಿಸಿ ಸುತ್ತಲಿನ ಹೆಣ್ಣು ಮರಗಳನ್ನು ಕಡಿದರೆ ಶಂಕುಮರದ ಸಂತತಿ ಮುಂದುವರಿಯದು. ಮರಗಳನ್ನು ಬಿಟ್ಟು ಹೊಂಡಗಳನ್ನು ಮುಚ್ಚಿದರೆ ಅಥವಾ ಹೊಂಡಗಳನ್ನು ಬಿಟ್ಟು ಮೇಲಿನ ಕೊಂಬೆಗಳನ್ನು ಸವರಿದರೆ ಕಪ್ಪೆಯ ಮರಿಗಳು ಬದುಕಲಾರವು. ಆದ್ದರಿಂದ ಘಟ್ಟದ ಕಾಡನ್ನು ಮರಗಳ ಲೆಕ್ಕದಲ್ಲಿ ಮಾತ್ರವಲ್ಲದೆ, ನೆರಳು, ತೇವ, ನಿಂತ ನೀರು ಸೇರಿದ ಇಡೀ ನೆಲೆಯಾಗಿ ಕಾಯಬೇಕು.