ಮನೆಯ ಹೊರಗಣ ವಿದ್ಯುತ್ ತಂತಿಗಳಿಗೆ ಕಬ್ಬಿಣದ ಕೊಳವೆಯನ್ನೂ ಪಿ.ವಿ.ಸಿ. ಕೊಳವೆಯನ್ನೂ ಜೋಡಿಸುವ ಕ್ರಮ

ಮನೆಯಿಂದ ಕೊಟ್ಟಿಗೆಗೂ, ಕಣಕ್ಕೂ, ಬಾವಿಯ ಪಂಪುಮನೆಗೂ ವಿದ್ಯುತ್ತನ್ನು ಒಯ್ಯುವ ತಂತಿಗಳನ್ನು ಕಂಡ್ಯೂಟ್ ಕೊಳವೆಯೊಳಗೆ ಹಾಯಿಸುವುದು ಗ್ರಾಮಗಳಲ್ಲಿ ಸಾಮಾನ್ಯವಾಗಿದೆ. ದನಕರುಗಳು ಮೈಯುಜ್ಜುವ ಮತ್ತು ಗಾಡಿಗಳು ತಾಕುವ ಕಡೆಗಳಲ್ಲಿ ಕಬ್ಬಿಣದ ಕೊಳವೆಯನ್ನೂ, ಉಳಿದೆಡೆಗಳಲ್ಲಿ ಅಗ್ಗವೂ ಹಗುರವೂ ಆದ ಪಿ.ವಿ.ಸಿ. ಕೊಳವೆಯನ್ನೂ ಹಾಕಿಸುವುದುಂಟು. ಇವೆರಡೂ ಕೂಡುವ ಸ್ಥಳವೇ ಅಪಾಯದ ಸ್ಥಳವೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಅವಶ್ಯವಾಗಿ ತಿಳಿದಿರಬೇಕು.

ಕಬ್ಬಿಣವು ವಿದ್ಯುತ್ತನ್ನು ಹರಿಯಗೊಡುವುದು, ಪಿ.ವಿ.ಸಿ.ಯು ಹರಿಯಗೊಡದು. ಕಬ್ಬಿಣದ ಕೊಳವೆಯು ಉದ್ದಕ್ಕೂ ಅಖಂಡವಾಗಿ ಅರ್ತಿಂಗಿಗೆ ಸೇರಿದ್ದರೆ, ಒಳಗಣ ತಂತಿಯ ಹೊದಿಕೆ ಸವೆದು ಕೊಳವೆಗೆ ತಾಗಿದಾಗ ವಿದ್ಯುತ್ತು ಭೂಮಿಗೆ ಹರಿದುಹೋಗುವುದು. ನಡುವೆ ಒಂದು ಮೊಳ ಪಿ.ವಿ.ಸಿ. ಕೊಳವೆಯನ್ನು ಸೇರಿಸಿದೊಡನೆಯೇ ಈ ಮಾರ್ಗವು ತುಂಡಾಗುವುದು. ಆಗ ಆಚೆಯ ಕಬ್ಬಿಣದಲ್ಲಿ ವಿದ್ಯುತ್ತು ನಿಂತೇ ಇದ್ದರೂ, ದೀಪವೂ ಪಂಪೂ ಎಂದಿನಂತೆ ನಡೆಯುವುದರಿಂದ ದೋಷವು ಯಾರ ಕಣ್ಣಿಗೂ ಬೀಳದು. ಒದ್ದೆ ನೆಲದ ಮೇಲೆ ನಿಂತು ಅದನ್ನು ಮುಟ್ಟಿದ ಮನುಷ್ಯನಾಗಲಿ, ಎತ್ತಾಗಲಿ ಪ್ರಾಣ ಕಳೆದುಕೊಳ್ಳುವ ಸಂಭವವುಂಟು.

ಆದುದರಿಂದ ಕೊಳವೆಯೊಳಗೆ ಹಸುರು ಬಣ್ಣದ ಅರ್ತಿಂಗ್ ತಂತಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ಹಾಯಿಸಿ, ಕಬ್ಬಿಣದ ಪ್ರತಿಯೊಂದು ತುಂಡಿಗೂ ಪೆಟ್ಟಿಗೆಗೂ, ಬಣ್ಣವನ್ನೂ ತುಕ್ಕನ್ನೂ ಕೆರೆದು, ಕ್ಲಾಂಪಿನಿಂದ ಬಿಗಿಯತಕ್ಕದ್ದು.

ಇನ್ನು ಜೋಡಣೆಯ ವಿಧಾನ. ಕಬ್ಬಿಣದ ಕೊಳವೆಯು ತಿರುಪಿನಿಂದಲೂ, ಪಿ.ವಿ.ಸಿ. ಕೊಳವೆಯು ಸಾಲ್ವೆಂಟ್ ಅಂಟಿನಿಂದಲೂ ಕೂಡತಕ್ಕವು. ಒಂದನ್ನು ಮತ್ತೊಂದರೊಳಕ್ಕೆ ತುರುಕಿ ಟೇಪು ಸುತ್ತುವುದು ಸರಿಯಲ್ಲ. ಒಂದು ತುದಿಯಲ್ಲಿ ತಿರುಪು, ಇನ್ನೊಂದರಲ್ಲಿ ಅಂಟಿಸುವ ಬಾಯಿ ಇರುವ ಅಡಾಪ್ಟರನ್ನು ಹಾಕಬೇಕು. ಅಥವಾ ಎರಡನ್ನೂ ರಬ್ಬರಿನ ಪಟ್ಟಿಯುಳ್ಳ ಜಂಕ್ಷನ್ ಪೆಟ್ಟಿಗೆಗೆ ಕೆಳಗಿನಿಂದ ತಂದು ಸೇರಿಸಬೇಕು. ತಂತಿಗಳ ಗಂಟು ಪೆಟ್ಟಿಗೆಯಲ್ಲಿಯೇ ಇರಬೇಕು, ಕೊಳವೆಯಲ್ಲಿ ಕೂಡದು. ಕೊಯ್ದ ಕಬ್ಬಿಣದ ಬಾಯನ್ನು ಅರದಿಂದ ನಯಗೊಳಿಸಿ ಬುಷ್ ಹಾಕದಿದ್ದರೆ ತಂತಿಯ ಹೊದಿಕೆ ಸೀಳುವುದು.

ಕಂಡ್ಯೂಟಿನ 20, 25, 32 ಮಿ.ಮೀ. ಎಂಬ ಅಳತೆಗಳು ಹೊರವ್ಯಾಸದವು. ಮುಕ್ಕಾಲು ಅಂಗುಲದ ನೀರಿನ ಕಬ್ಬಿಣದ ಪೈಪಿಗೆ ಹೊರವ್ಯಾಸವು ಸುಮಾರು 27 ಮಿ.ಮೀ. ಇದ್ದು, ಅದರ ತಿರುಪೂ ಬೇರೆಯಾಗಿರುವುದರಿಂದ 25 ಮಿ.ಮೀ. ಅಡಾಪ್ಟರು ಅದಕ್ಕೆ ಹೊಂದದು. ಐ.ಎಸ್. 9537ರ ಗುರುತುಳ್ಳ ಕೊಳವೆಗಳನ್ನೇ ಕೊಳ್ಳುವುದು ಲೇಸು.

ಬಿಸಿಲಿನ ಪರಿಣಾಮವನ್ನೂ ಎಣಿಸಬೇಕು. ಉಷ್ಣತೆಯು 30 ಡಿಗ್ರಿ ಸೆಲ್ಸಿಯಸ್ ಏರಿದರೆ 3 ಮೀಟರು ಪಿ.ವಿ.ಸಿ. ಕೊಳವೆಯು ಸುಮಾರು 6 ಮಿ.ಮೀ. ನೀಳವಾಗುವುದು, ಕಬ್ಬಿಣವು ಸುಮಾರು 1 ಮಿ.ಮೀ. ಮಾತ್ರ. ಹೀಗಾಗಿ ಉದ್ದನೆಯ ಸಾಲಿನಲ್ಲಿ ಜಾರುವ ಜೋಡಣೆಯೊಂದನ್ನು ಇಡದಿದ್ದರೆ ಕೂಡಿಸಿದ ಸ್ಥಳವು ಬಿರಿದು ಮಳೆನೀರು ಒಳಸೇರುವುದು.

ಈ ಕೆಲಸವನ್ನು ಮೇನ್ ಸ್ವಿಚ್ಚನ್ನು ತೆಗೆದ ಮೇಲೆ ಪರವಾನಗಿಯುಳ್ಳ ಕೆಲಸಗಾರನಿಂದಲೇ ಮಾಡಿಸಬೇಕು. ಒಣನೆಲದಲ್ಲಿ ಅರ್ತಿಂಗ್ ದುರ್ಬಲವಾಗಿ ಫ್ಯೂಸು ಕರಗದೆಯೂ ಇರಬಹುದಾದ್ದರಿಂದ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ.ಯನ್ನೂ ಹಾಕಿಸುವುದು ಯುಕ್ತ. ದೀಪವು ಹತ್ತಿತೆಂದ ಮಾತ್ರಕ್ಕೆ ಕೆಲಸವು ಸರಿಯಾಯಿತೆಂದು ಭಾವಿಸಲಾಗದು. ಕೊನೆಯ ಕಬ್ಬಿಣದ ತುಂಡಿನಿಂದ ಅರ್ತಿಂಗಿನವರೆಗೆ ಸಂಪರ್ಕವಿದೆಯೆಂಬುದನ್ನು ಮೀಟರಿನಿಂದ ತಮ್ಮೆದುರಿನಲ್ಲಿಯೇ ಪರೀಕ್ಷಿಸಿ ತೋರಿಸಿದ ತರುವಾಯವೇ ಕೂಲಿಯನ್ನು ಸಲ್ಲಿಸುವುದು ಒಳ್ಳೆಯದು.